ತೋಟಗಾರನ ಕೈ

ನಗಬಾರದಿತ್ತು ಎಂದು ಮೇಘನಳಿಗೆ ಅನ್ನಿಸಿದ್ದು ನಕ್ಕು ಮುಗಿದ ಮೇಲೆ. ಜೊತೆಯಲ್ಲಿ ಕೆಲಸ ಮಾಡುವ ವೆಂಕಟ್ ಟೀ ಲೋಟವನ್ನು ಎತ್ತಿ ಹಿಡಿದು, ಬೆರಳುಗಳನ್ನು ಕುಣಿಸುತ್ತ, ‘ನನ್ನ ಕಳಚ್ಬೇಡಿ ಮೇಡಂ, ನಾನಿನ್ನೂ ಗಟ್ಟಿಯಾಗಿದೀನಿ’ ಎಂದು ಯಂತ್ರದ ದನಿ ತೆಗೆದಾಗ ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಗೋಡೆಯ ದೊಡ್ಡ ಪರದೆಯ ಮೇಲೆ ಆ ಹೊತ್ತಿನಲ್ಲಿ ಎರಡು ಕೈಗಳು ಅಕ್ಕಪಕ್ಕದಲ್ಲಿ ನಡುಗುತ್ತಿದ್ದವು. ಎಡಗಡೆಯದು ಅವಳು ಬಿಡಿಸಿದ್ದು, ಒಂದು ಮುದಿ ರೋಬೋಟಿನ ಕೈ. ಬಲಗಡೆಯದು ಅವಳ ಅಪ್ಪನದು. ಎಡಗಡೆಯದು ಬಲಗಡೆಯದನ್ನು ನೋಡಿ ಬಿಡಿಸಿದ್ದು ಎಂಬುದು ಎಂಥವನಿಗೂ ಗೊತ್ತಾಗುವಂತಿತ್ತು, ಆದರೆ ಬಲಗಡೆಯ ಕೈ ಯಾರದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಸ್ಟುಡಿಯೋ ನಡೆಸುವ ಚಂದ್ರಮೋಹನ್ ಬೆಳಿಗ್ಗೆ ಅವಳ ಕಂಪ್ಯೂಟರಿನಲ್ಲಿ ಹಳೆಯ ಚಿತ್ರಗಳನ್ನು ಹುಡುಕುವಾಗ ಆ ವಿಡಿಯೊ ಸಿಕ್ಕಿತ್ತು. ‘ಯಾರದಮ್ಮ ಇದು ಕೈ?’ ಎಂದು ಕೇಳಿದ್ದರು. ‘ನಮ್ಮೂರಲ್ಲಿ ಒಬ್ರು ತಾತ ಸರ್’ ಎಂದಿದ್ದಳು ಅವಳು. ಯೋಚಿಸಿ ಹೇಳಿದ ಮಾತಲ್ಲ. ಆದರೆ ನಾಲಿಗೆ ತಡವರಿಸಲೂ ಇಲ್ಲ. ಅದೇ ಈಗ ಅವಳನ್ನು ಕೊರೆಯುತ್ತಿತ್ತು. ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರನ್ನು ನಾಲಿಗೆ ಮತ್ತೆಮತ್ತೆ ಮುಟ್ಟಿ ಬರುವ ಹಾಗೆ ಮನಸ್ಸು ಆ ಒಂದು ಮಾತಿನ ಹತ್ತಿರ ಹೋಗಿ ಬರುತ್ತಿತ್ತು. ತಾತ. ಅಪ್ಪನಿಗೆ ಅರವತ್ತೂ ತುಂಬಿಲ್ಲ.

ಕೋಲಾರದ ಬಸ್‌ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಸ್ಟುಡಿಯೋ ಇತ್ತು. ಕೆಳಗೆ ಪಾತ್ರೆಗಳ ಮೇಲೆ ಹೆಸರು ಕೆತ್ತುವ ಮಿಷನ್ನಿನ ಸದ್ದು, ಮೇಲೆ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು ತಲೆ ಬಗ್ಗಿಸಿ ಚಿತ್ರ ಬಿಡಿಸುವ ಮೌನ. ಜಪಾನಿನ ಒಂದು ಕಂಪನಿಯ ಅನಿಮೆ ಧಾರಾವಾಹಿ ಬೆಂಗಳೂರಿನವರ ಕೈ ದಾಟಿ ಇಲ್ಲಿಗೆ ಬರುತ್ತಿತ್ತು. ಮುಖ್ಯವಾದ ಚಿತ್ರಗಳನ್ನು ಅಲ್ಲಿಯವರೇ ಬರೆದು ಕಳಿಸುತ್ತಿದ್ದರು. ಒಂದು ಚಿತ್ರದಿಂದ ಇನ್ನೊಂದಕ್ಕೆ ಕೈಯೋ ಕಾಲೋ ಚಲಿಸಬೇಕಲ್ಲ, ಆ ನಡುವಿನ ಚಿತ್ರಗಳನ್ನೆಲ್ಲ ತುಂಬುವುದು ಇವರ ಕೆಲಸ. ಧಾರಾವಾಹಿಯ ಹೆಸರನ್ನು ಮೇಘನ ತನ್ನಷ್ಟಕ್ಕೆ ಕನ್ನಡ ಮಾಡಿಕೊಂಡು ‘ಬಾಗಿಲಿಲ್ಲದ ನಗರ’ ಎನ್ನುತ್ತಿದ್ದಳು. ಮುಂದೆಂದೋ ಬರುವ ಕಾಲ. ಹೊರಗಿನ ಗಾಳಿ ಕೆಟ್ಟು, ಉಳಿದ ಜನ ದೊಡ್ಡದೊಂದು ಮುಚ್ಚಳದ ಕೆಳಗೆ ಊರು ಕಟ್ಟಿಕೊಂಡಿದ್ದಾರೆ. ದುಡಿಯುವುದೆಲ್ಲ ರೋಬೋಟುಗಳು. ದುಡಿದು ಸವೆದ ರೋಬೋಟಿನ ಕೈ ನಡುಗತೊಡಗುತ್ತದೆ. ಹಾಗೆ ನಡುಗಿದ್ದನ್ನು ಕಳಚುವ ಮನೆಗೆ ಒಯ್ಯಬೇಕೆಂಬುದು ಅಲ್ಲಿಯ ಕಾನೂನು. ಆದರೆ ಒಯ್ಯುವವರು ಬರುವಷ್ಟರಲ್ಲಿ ಅವು ಒಂದೊಂದಾಗಿ ಕಾಣೆಯಾಗುತ್ತಿವೆ. ಬಚ್ಚಿಡುತ್ತಿರುವವರು ಯಾರು, ಬಾಗಿಲೇ ಇಲ್ಲದ ಊರಿನಿಂದ ಅವು ಹೋಗುವುದಾದರೂ ಎಲ್ಲಿಗೆ ಎಂದು ಒಬ್ಬ ಪೊಲೀಸ್ ಹೆಂಗಸು ಹುಡುಕುತ್ತ ಅಲೆಯುತ್ತಾಳೆ. ಅವಳ ಅನುಮಾನಕ್ಕೆ ಸಿಕ್ಕಿದವನು ಗಾಜಿನ ತೋಟದಲ್ಲಿ ಗಿಡ ನೋಡಿಕೊಳ್ಳುವ ಮುದಿ ರೋಬೋಟ್. ಸ್ಟುಡಿಯೋದಲ್ಲಿ ಎಲ್ಲರೂ ಅದನ್ನು ತೋಟಗಾರ ಎನ್ನುತ್ತಿದ್ದರು. ‘ಅದು’ ಎನ್ನದೆ ‘ಅವನು’ ಎನ್ನುತ್ತಿದ್ದವಳು ಮೇಘನ ಒಬ್ಬಳೇ. ಕಥೆಯ ಕೊನೆ ಏನೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಿಯ ತೋಳನ್ನು ಒಬ್ಬರಿಗೆ, ಕಾಲರನ್ನು ಇನ್ನೊಬ್ಬರಿಗೆ ಹೊಲಿಯಲು ಕೊಟ್ಟ ಹಾಗೆ ಕಥೆ ಅವರಿಗೆ ತುಂಡುತುಂಡಾಗಿ ಬರುತ್ತಿತ್ತು.

ಮೊದಲು ಬಂದ ಚಿತ್ರಗಳಲ್ಲಿ ತೋಟಗಾರನ ಕೈ ಮೇಜಿನ ಮೇಲಿಟ್ಟ ಫೋನು ಗುಂಯ್‌ಗುಟ್ಟಿದ ಹಾಗೆ ಒಂದೇ ಸಮ ಅಲುಗುತ್ತಿತ್ತು. ಹೀಗಲ್ಲ ಎಂದು ಅವಳಿಗೆ ತಟ್ಟನೆ ಹೊಳೆದಿತ್ತು. ನಡುಕ ಹೀಗೆ ಬರುವುದಿಲ್ಲ. ಅದು ಕೈ ಸುಮ್ಮನಿದ್ದಾಗ ಬರುತ್ತದೆ. ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜತೊಡಗುತ್ತದೆ, ಕಾಣದ ಒಂದು ರಾಗಿ ಕಾಳನ್ನು ಹೊಸಕುವ ಹಾಗೆ. ಆಮೇಲೆ ಮಣಿಕಟ್ಟು. ಏನನ್ನಾದರೂ ಎತ್ತಿಕೊಳ್ಳಲು ಕೈ ಚಾಚಿದರೆ ನಡುಕ ಒಂದು ಗಳಿಗೆ ನಿಂತುಬಿಡುತ್ತದೆ, ಇನ್ನು ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಇದೆಲ್ಲ ಅವಳಿಗೆ ಹೇಗೆ ಗೊತ್ತು ಎಂದರೆ ಅವಳು ಸಂಕ್ರಾಂತಿಯಿಂದೀಚೆಗೆ ದಿನಾ ನೋಡುತ್ತಿದ್ದಳು. ಅಪ್ಪ ವೆಂಕಟರಾಯಪ್ಪ ಶ್ರೀನಿವಾಸಪುರದ ನರ್ಸರಿಗಳಲ್ಲಿ ಮಾವಿನ ಕಸಿ ಕಟ್ಟುವವನು. ಬಾದಾಮಿ, ಮಲ್ಲಿಕಾ, ತೋತಾಪುರಿ, ಯಾವ ತಳಿಯ ಕುಡಿ ಕೊಟ್ಟರೂ ಅವನು ಕಟ್ಟಿದ್ದು ಚಿಗುರುತ್ತದೆ ಎಂದು ಮುಳಬಾಗಿಲಿನಿಂದಲೂ ಬಂದು ಕರೆದೊಯ್ಯುತ್ತಿದ್ದರು. ಹೋದ ಮಳೆಗಾಲದಲ್ಲಿ ಅವನು ಹೋಗುವುದನ್ನು ನಿಲ್ಲಿಸಿದ. ಮೊಣಕಾಲು ನೋವು, ಕುಕ್ಕುರುಗಾಲಲ್ಲಿ ಕೂರಲು ಆಗುವುದಿಲ್ಲ ಎಂದ. ಅಮ್ಮ ಶಾಮಲಮ್ಮ ಅಂದಿನಿಂದ ದಿನಾ ಸಂಜೆ ನೀಲಗಿರಿ ಎಣ್ಣೆ ತಂದು ಅವನ ಮೊಣಕಾಲು ತಿಕ್ಕುತ್ತಾಳೆ. ತಿಕ್ಕುವಾಗ ಅವನ ಬಲಗೈ ಟವಲಿನ ಕೆಳಗಿರುತ್ತದೆ. ಟವಲು ಅಲುಗುತ್ತಿರುತ್ತದೆ. ಅಮ್ಮ ಮೊಣಕಾಲನ್ನೇ ನೋಡುತ್ತ, ‘ಇವತ್ತು ಊತ ಸ್ವಲ್ಪ ಇಳ್ದಿದೆ’ ಎನ್ನುತ್ತಾಳೆ. ಊತ ಎಂದೂ ಇರಲೇ ಇಲ್ಲ. ಕಾಫಿಯನ್ನು ಮಾತ್ರ ಅರ್ಧ ಲೋಟ ಕೊಡುತ್ತಾಳೆ, ತುಳುಕದಿರಲಿ ಎಂದು, ಮತ್ತೆ ಬಂದು ಇನ್ನರ್ಧ ಹಾಕುತ್ತಾಳೆ. ಆ ಮನೆಯಲ್ಲಿ ಯಾರೂ ಕೈ ಎಂಬ ಮಾತನ್ನು ಆಡುತ್ತಿರಲಿಲ್ಲ.

ಆಡದೇ ಇದ್ದದ್ದು ಮರ್ಯಾದೆ ಎಂದು ಅವಳು ತಿಳಿದಿದ್ದಳು. ಅಪ್ಪ ಮುಚ್ಚಿಟ್ಟುಕೊಂಡದ್ದನ್ನು ತೆಗೆದು ನೋಡಬಾರದು ಎಂದು. ಆದರೆ ತೆಗೆದು ನೋಡಿದ್ದಳಲ್ಲ. ಅಡುಗೆಮನೆಯ ಕಿಟಕಿಯ ಪರದೆ ಸರಿಸಿ, ಫೋನನ್ನು ಸರಳಿಗೆ ಒತ್ತಿ ಹಿಡಿದು ವಿಡಿಯೊ ತೆಗೆದಿದ್ದಳು. ಅಪ್ಪ ಜಗಲಿಯ ಮೇಲೆ ಒಬ್ಬನೇ ಇದ್ದ, ಯಾರೂ ಇಲ್ಲವೆಂದು ಟವಲು ತೆಗೆದಿದ್ದ. ಅವನು ಇತ್ತ ತಿರುಗಿದಾಗ ಅವಳು ಫೋನನ್ನು ಕಿವಿಗಿಟ್ಟುಕೊಂಡು ಯಾರೊಡನೆಯೋ ಮಾತಾಡುವವಳಂತೆ ‘ಹೂಂ, ಹೂಂ’ ಎಂದಿದ್ದಳು. ಇನ್ನೊಂದು ಬೆಳಿಗ್ಗೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಒದ್ದಾಡುತ್ತಿದ್ದ. ಗುಂಡಿ ತೂತಿನ ಹತ್ತಿರ ಬಂದು ಜಾರುತ್ತಿತ್ತು. ಹೋಗಿ ಹಾಕಿಕೊಡುವ ಬದಲು ಅವಳು, ಬೆಳಕು ಚೆನ್ನಾಗಿ ಬೀಳುತ್ತಿದೆ ಎಂದುಕೊಂಡಿದ್ದಳು. ಆ ಬೆಳಕು ಈಗಲೂ ಅವಳ ಕಣ್ಣಲ್ಲಿತ್ತು. ಚಿತ್ರ ಜಪಾನಿಗೆ ಹೋಗಿ, ಅಲ್ಲಿಯ ನಿರ್ದೇಶಕ ಈ ಕೈ ಬಿಡಿಸಿದವರು ಯಾರು ಎಂದು ಕೇಳಿ ಬರೆದಾಗ ಚಂದ್ರಮೋಹನ್ ಎಲ್ಲರಿಗೂ ಮೈಸೂರು ಪಾಕು ತರಿಸಿದ್ದರು. ಅವಳು ಎರಡು ತುಂಡು ತಿಂದಿದ್ದಳು.

ಮಧ್ಯಾಹ್ನ ಊಟಕ್ಕೆ ಡಬ್ಬಿ ಬಿಚ್ಚಿ ಚಿತ್ರಾನ್ನವನ್ನು ಬೆರಳಲ್ಲಿ ಕೆದಕುತ್ತ ಕೂತಳು. ಎದುರು ಕೂತ ರಮ್ಯ ತನ್ನ ಡಬ್ಬಿಯ ಪಲ್ಯವನ್ನು ಅವಳ ಕಡೆಗೆ ತಳ್ಳಿದಳು. ಇಬ್ಬರದೂ ಅಕ್ಕಪಕ್ಕದ ಮೇಜು. ರಮ್ಯ ಮಾಲೂರಿನ ಕಡೆಯ ಲಕ್ಕೂರಿನವಳು, ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದಳು.

‘ಆ ತಾತನ್ನ ನೋಡಿದ್ರೆ ಪಾಪ ಅನ್ಸುತ್ತೆ ಕಣೇ’ ಎಂದಳು ರಮ್ಯ. ‘ಮನೇವ್ರು ಡಾಕ್ಟ್ರಿಗೆ ತೋರ್ಸಿದಾರಂತಾ?’

‘ಗೊತ್ತಿಲ್ಲ.’

‘ನಮ್ಮ ದೊಡ್ಡಪ್ಪಂಗೂ ಥೇಟ್ ಹಿಂಗೇ ಇತ್ತು. ವಯಸ್ಸಾಯ್ತು ಅಂತ ಸುಮ್ನಿದ್ರು ಎಲ್ಲಾ. ಆಮೇಲೆ ಮಾತ್ರೆ ಶುರು ಮಾಡಿದ್ರು. ಈಗ ಅವ್ರೇ ಗಡ್ಡ ಕೆರ್ಕೊತಾರೆ. ಮುಂಚೇನೇ ತೋರ್ಸಿದ್ರೆ ಇನ್ನೂ ಒಳ್ಳೇದಿತ್ತು ಅಂದ್ರಂತೆ. ನಿಮ್ಮೂರವ್ರಲ್ವಾ, ಹೇಳು ಅವ್ರ ಮನೇಲಿ.’

ಹೇಳುತ್ತೇನೆ ಎಂದಳು ಮೇಘನ. ಡಬ್ಬಿ ಮುಚ್ಚಿ ಕೈ ತೊಳೆಯಲು ಹೋದಳು. ನಲ್ಲಿಯ ಕೆಳಗೆ ತನ್ನದೇ ಕೈಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ಇಡೀ ಜಿಲ್ಲೆಯಲ್ಲಿ ಅಪ್ಪನ ಆ ಕೈಯನ್ನು ಅವಳಷ್ಟು ನೋಡಿದವರಿಲ್ಲ. ಒಂದೊಂದು ಬೆರಳಿನ ಗೆಣ್ಣನ್ನೂ ಅವಳು ಬಲ್ಲಳು. ಹೆಬ್ಬೆರಳಿನ ಬುಡದಲ್ಲಿ ಕಸಿ ಚಾಕು ಕೊರೆದ ಹಳೆಯ ಗಾಯದ ಗೆರೆಯನ್ನು ಅವಳು ತೋಟಗಾರನ ಲೋಹದ ಹೆಬ್ಬೆರಳಿಗೂ ಇಟ್ಟಿದ್ದಳು. ಅಷ್ಟು ನೋಡಿದವಳು ‘ಏನಾಗ್ತಿದೆ ಅಪ್ಪ’ ಎಂದು ಒಂದು ಸಲ ಕೇಳಿರಲಿಲ್ಲ. ಕೇಳಿದ್ದರೆ ಅವನು ಆಮೇಲೆ ಕಿಟಕಿಯ ಎದುರು ಹಾಗೆ ಕೂರುತ್ತಿರಲಿಲ್ಲ ಎಂಬ ಲೆಕ್ಕವೂ ತನ್ನೊಳಗೆ ಇತ್ತೇ? ಇದ್ದಿರಬೇಕು. ನೀರು ನಿಲ್ಲಿಸಿ ಅವಳು ನೇರ ಚಂದ್ರಮೋಹನರ ಮೇಜಿಗೆ ಹೋದಳು.

‘ಸರ್, ಆ ವಿಡಿಯೊ ಬೆಂಗಳೂರಿಗೆ ಕಳಿಸ್ಬೇಡಿ.’

ಅವರು ಅದನ್ನೇ ಸಿದ್ಧ ಮಾಡುತ್ತಿದ್ದರು. ಚಿತ್ರ ಒಂದು ಕಡೆ, ನಿಜವಾದ ಕೈ ಒಂದು ಕಡೆ, ಸಂಜೆ ಬೆಂಗಳೂರಿನವರು ಅದನ್ನು ಇಂಟರ್‌ನೆಟ್ಟಿಗೆ ಹಾಕುವವರಿದ್ದರು. ‘ಯಾಕಮ್ಮ? ಮುಖ ಕಾಣಲ್ವಲ್ಲ. ಕೋಲಾರದಲ್ಲಿ ಕೂತು ಮಾಡಿದ ಕೆಲ್ಸ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ. ಮುಂದಿನ ಧಾರಾವಾಹಿ ನಮಗೇ ಸಿಗುತ್ತೆ.’

‘ಅವ್ರನ್ನ ಕೇಳ್ದೆ ತೆಗ್ದಿದ್ದು ಸರ್.’

‘ಹಂಗಾದ್ರೆ ಇವಾಗ ಕೇಳು. ತಾತ ಬೇಡ ಅಂತಾರಾ?’

‘ತಾತ ಅಲ್ಲ ಸರ್. ನಮ್ಮಪ್ಪ.’

ಹೇಳಿದ್ದು ಮೆಲ್ಲಗೆ. ಆದರೂ ಸುತ್ತಲಿನ ಮೇಜುಗಳಲ್ಲಿ ಕೆಲಸ ನಿಂತಿತು. ವೆಂಕಟ್ ತಲೆ ತಗ್ಗಿಸಿ ಪರದೆಯನ್ನು ನೋಡುತ್ತಿದ್ದ, ಪರದೆಯಲ್ಲಿ ಏನೂ ಇರಲಿಲ್ಲ. ಚಂದ್ರಮೋಹನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆಯೇ ಹೇಳಬಾರದಿತ್ತೇ ಎಂದರು. ಹೇಳಬೇಕಿತ್ತು ಎಂದಳು ಅವಳು. ಅವರು ನಿಜಕ್ಕೂ ನೊಂದುಕೊಂಡಿದ್ದರು, ಮುಖದಲ್ಲಿ ಕಾಣುತ್ತಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ಆ ಮುಖದಲ್ಲಿ ಬೇರೊಂದು ಯೋಚನೆ ಮೂಡಿದ್ದೂ ಕಂಡಿತು. ‘ನೋಡು ಮೇಘನಾ, ತಪ್ಪು ತಿಳ್ಕೋಬೇಡ. ಅಪ್ಪ ಆದ್ರೆ ಇನ್ನೂ ಒಳ್ಳೇದಲ್ವಾ? ಮಗಳು ಅಪ್ಪನ ಕೈ ನೋಡಿ ಬಿಡಿಸಿದ್ಲು ಅಂದ್ರೆ, ಜನ ಕಣ್ಣಲ್ಲಿ ನೀರು ಹಾಕ್ಕೊಂಡು ನೋಡ್ತಾರೆ. ಅಪ್ಪನ್ನೂ ಕರ್ಕೊಂಬಾ, ಇಬ್ರನ್ನೂ ಕೂರ್ಸಿ ತೆಗ್ಯೋಣ.’

ಅವರು ಹೇಳಿದ್ದು ತಾನು ಮಾಡಿದ್ದಕ್ಕಿಂತ ದೊಡ್ಡ ತಪ್ಪೇನಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದಲೇ ಕೋಪ ಬರಲಿಲ್ಲ. ಆದರೆ ಏನು ಮಾಡಬೇಕೆಂಬುದು ಸ್ಪಷ್ಟವಾಯಿತು. ‘ಕರ್ಕೊಂಬರಲ್ಲ ಸರ್’ ಎಂದಳು. ಕೈ ಚಾಚಿ, ಅವರ ಎದುರಿಗೇ, ಅವರ ಕಂಪ್ಯೂಟರಿನಿಂದ ಆ ವಿಡಿಯೊ ಅಳಿಸಿದಳು. ತನ್ನ ಮೇಜಿಗೆ ಹೋಗಿ ಅಲ್ಲಿಯದನ್ನೂ ಫೋನಿನಲ್ಲಿದ್ದದ್ದನ್ನೂ ಅಳಿಸಿದಳು. ಚಂದ್ರಮೋಹನ್ ಎದ್ದು ನಿಂತರು. ಅವರ ಕಿವಿ ಕೆಂಪಾಗಿತ್ತು.

‘ಕೊನೇ ಭಾಗದ್ದು ನಾಳೆ ಬರುತ್ತೆ’ ಎಂದರು. ‘ನೀನಿಲ್ದಿದ್ರೆ ತೋಟಗಾರನ್ನ ಬೇರೆಯವ್ರಿಗೆ ಕೊಡ್ತೀನಿ. ಆಮೇಲೆ ಕೇಳ್ಬೇಡ.’

‘ಕೊಡಿ ಸರ್. ನಾಳೆ ನಂಗೆ ರಜ ಬೇಕು. ಇವತ್ತೂ ಈಗ್ಲೇ ಹೊರಡ್ತೀನಿ.’

ಮೆಟ್ಟಿಲಿಳಿಯುವಾಗ ತೋಟಗಾರನನ್ನು ಬಿಟ್ಟುಕೊಟ್ಟೆನಲ್ಲ ಎಂದು ನಿಜವಾಗಿಯೇ ಸಂಕಟವಾಯಿತು. ಮೂರು ವರ್ಷ ಅವರಿವರ ಕೂದಲು, ಸೆರಗು, ಬೂಟು ಬಿಡಿಸಿದ ಮೇಲೆ ಅವಳಿಗೆ ಸಿಕ್ಕಿದ ಒಬ್ಬನೇ ಮನುಷ್ಯ ಅವನು. ಅವನ ಕೊನೆ ತನ್ನ ಕೈಯಿಂದಲೇ ಆಗಬೇಕೆಂದು ಆಸೆಯಿತ್ತು. ಶ್ರೀನಿವಾಸಪುರದ ಬಸ್ಸು ಹೊರಡಲು ಸಿದ್ಧವಾಗಿತ್ತು. ಹತ್ತಿ ಕೂತಳು. ಬಸ್ಸಿನ ತುಂಬ ಮಾರ್ಕೆಟ್ಟಿನಿಂದ ಮರಳುವ ಹೆಂಗಸರು, ಖಾಲಿ ಟೊಮೇಟೊ ಕ್ರೇಟುಗಳು, ಅರ್ಧ ಕನ್ನಡ ಅರ್ಧ ತೆಲುಗಿನ ಮಾತು. ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು. ಅಪ್ಪ, ನಿನ್ನ ಕೈ ಯಾಕೆ ನಡುಗುತ್ತೆ. ಹೀಗಲ್ಲ. ಅಪ್ಪ, ಡಾಕ್ಟರ್ ಹತ್ತಿರ ಹೋಗೋಣ. ‘ಯಾಕಮ್ಮ, ಏಮೀ ಲೇದು’ ಎನ್ನುತ್ತಾನೆ, ಏನೂ ಇಲ್ಲ ಎಂದು. ಅಲ್ಲಿಗೆ ಮುಗಿಯಿತು. ಒಂದೊಂದು ವಾಕ್ಯವನ್ನೂ ಬಾಯಲ್ಲಿ ಹೊರಳಿಸಿ ನೋಡಿ ಬಿಟ್ಟಳು. ಮಾವಿನ ತೋಪುಗಳು ಶುರುವಾದವು. ಹೂ ಉದುರಿ ಕಡಲೆಯಷ್ಟು ಗಾತ್ರದ ಕಾಯಿ ನಿಂತಿದ್ದವು. ಈ ತೋಪುಗಳಲ್ಲಿ ಎಷ್ಟು ಗಿಡಗಳನ್ನು ಅಪ್ಪ ಕಟ್ಟಿದ್ದನೋ. ಸಣ್ಣವಳಿದ್ದಾಗ ಇದೇ ದಾರಿಯಲ್ಲಿ ಅವನ ತೊಡೆಯ ಮೇಲೆ ಕೂತು ಹೋಗುವಾಗ ಅವನು ಕಿಟಕಿಯಿಂದ ತೋರಿಸುತ್ತಿದ್ದ, ಅದು ನನ್ನದು, ಅಗೋ ಅದೂ ನನ್ನದು. ಯಾರದೋ ತೋಟಗಳು ಅವು. ಇಳಿಯುವ ಹೊತ್ತಿಗೆ ಅವಳ ಹತ್ತಿರ ಒಂದು ವಾಕ್ಯವೂ ಉಳಿದಿರಲಿಲ್ಲ, ಹೇಳಿಯೇ ತೀರಬೇಕು ಎಂಬುದೊಂದು ಉಳಿದಿತ್ತು.

ಅಪ್ಪ ಜಗಲಿಯ ಮೇಲಿದ್ದ. ಅವಳನ್ನು ಕಂಡೊಡನೆ ಟವಲು ಎಳೆದುಕೊಂಡ. ಅಷ್ಟು ಸಹಜವಾಗಿ ಎಳೆದುಕೊಂಡನೆಂದರೆ ಗೊತ್ತಿಲ್ಲದವರಿಗೆ ಸೊಳ್ಳೆ ಓಡಿಸಿದ ಹಾಗೆ ಕಾಣುತ್ತಿತ್ತು.

‘ಏಮ್ಮಾ, ಇಷ್ಟು ಬೇಗ ಬಂದ್ಬಿಟ್ಟೆ?’

ಅವಳು ಚಪ್ಪಲಿ ಬಿಟ್ಟು ಅವನ ಪಕ್ಕದಲ್ಲೇ ಕೂತಳು. ಫೋನು ತೆಗೆದು ‘ಬಾಗಿಲಿಲ್ಲದ ನಗರ’ದ ಆ ಭಾಗವನ್ನು ಹಚ್ಚಿ, ‘ನಾನು ಬಿಡ್ಸಿದ್ದು, ನೋಡು’ ಎಂದು ಅವನ ಎಡಗೈಯಲ್ಲಿಟ್ಟಳು. ಮಗಳ ಕೆಲಸ ಏನೆಂದು ಅವನು ಇದುವರೆಗೆ ನೋಡಿರಲಿಲ್ಲ, ಬೊಂಬೆ ಬರೆಯುವುದು ಎಂದಷ್ಟೇ ತಿಳಿದಿದ್ದ. ಅಮ್ಮ ಒಳಗಿನಿಂದ ಎಣ್ಣೆ ಶೀಸೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತು ಬಗ್ಗಿ ನೋಡಿದಳು. ಗಾಜಿನ ತೋಟ. ಪೊಲೀಸ್ ಹೆಂಗಸು ಗಿಡಗಳ ನಡುವೆ ನಡೆದು ಬರುತ್ತಾಳೆ. ಮಾತು ಜಪಾನಿ ಭಾಷೆಯದು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಮೇಘನ ಮೆಲ್ಲಗೆ ಅರ್ಥ ಹೇಳುತ್ತ ಹೋದಳು. ಕೈ ನಡುಗಿದವರನ್ನ ಇಲ್ಲಿ ಕಳಚಿ ಹಾಕ್ತಾರೆ ಅಪ್ಪ. ಆ ಪೊಲೀಸಮ್ಮಂಗೆ ಇವನ ಮೇಲೆ ಅನುಮಾನ. ಆ ಕತ್ತರಿ ಎತ್ತಿಕೊಡು ಅಂತ ಕೇಳ್ತಿದಾಳೆ. ತೋಟಗಾರ ಕತ್ತರಿಯ ಕಡೆಗೆ ಕೈ ಚಾಚುತ್ತಾನೆ, ನಡುಕ ನಿಲ್ಲುತ್ತದೆ, ಕೊಡುತ್ತಾನೆ. ಅವಳು ಬೆನ್ನು ತಿರುಗಿಸಿದೊಡನೆ ಹೆಬ್ಬೆರಳು ಮತ್ತೆ ಶುರುಮಾಡುತ್ತದೆ. ಅವನು ಆ ಕೈಯನ್ನು ಪಕ್ಕದ ಕುಂಡದ ಮಣ್ಣಿನೊಳಕ್ಕೆ ಮೊಣಕೈವರೆಗೆ ಹೂತು, ಗಿಡ ನೋಡುವವನಂತೆ ನಿಂತುಕೊಳ್ಳುತ್ತಾನೆ.

ದೃಶ್ಯ ಮುಗಿದರೂ ಅಪ್ಪ ಫೋನನ್ನೇ ನೋಡುತ್ತಿದ್ದ.

‘ಪೂರ್ತಿ ನೀನೇ ಬರೆದಿದ್ದಾ?’

‘ಕೈ ಮಾತ್ರ.’

‘ಯಾರ್ನ ನೋಡಿ?’

‘ನಿನ್ನ.’

ಅಮ್ಮ ಥಟ್ಟನೆ ನಡುವೆ ಬಂದಳು. ‘ಏನೇ ಅದು ಮಾತು? ಅವ್ರಿಗೆ ಮೊಣಕಾಲು ನೋವು ಕಣೇ. ಕೈಗೇನಾಗಿದೆ?’ ಎಂದವಳ ದನಿ ಕೊನೆಗೆ ಏರಿಹೋಯಿತು. ಅಪ್ಪ ಫೋನನ್ನು ಜಾಗರೂಕತೆಯಿಂದ ಜಗಲಿಯ ಮೇಲಿಟ್ಟು, ಎದ್ದು, ಮನೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲಗಳಲ್ಲಿ ನಿಲ್ಲಿಸಿದ್ದ ಮಾವಿನ ಸಸಿಗಳ ಕಡೆಗೆ ನಡೆದ. ಹೋಗಬೇಡ ಎಂದು ಅಮ್ಮ ಕಣ್ಣಲ್ಲೇ ಹೇಳಿದಳು. ಮೇಘನ ಎದ್ದು ಹೋದಳು. ಅವನು ಬೆನ್ನು ಮಾಡಿ ನಿಂತಿದ್ದ. ಆ ಬೆನ್ನಿಗೇ ಅವಳು ಹೇಳಿದಳು. ಕಿಟಕಿಯಿಂದ ವಿಡಿಯೊ ತೆಗೆದದ್ದು ಹೇಳಿದಳು, ಅಂಗಿಯ ಗುಂಡಿ ಹಾಕದೆ ನೋಡುತ್ತ ನಿಂತದ್ದು ಹೇಳಿದಳು. ಯಾರದು ಎಂದು ಕೇಳಿದ್ದಕ್ಕೆ ಊರಿನ ಯಾರೋ ತಾತ ಎಂದದ್ದು, ಎಲ್ಲರೂ ನಕ್ಕದ್ದು.

‘ನೀನೂ ನಕ್ಯಾ?’

‘ನಕ್ಕೆ.’

ಅಪ್ಪನಿಗೆ ಒಂದು ಮಾತಿನ ರೂಢಿಯಿತ್ತು, ‘ಪೋನೀ’. ಹೋಗಲಿ ಬಿಡು ಎಂದು. ಹಾಲು ಉಕ್ಕಿ ಚೆಲ್ಲಿದರೂ ಪೋನೀ, ಅವಳು ಪರೀಕ್ಷೆಯಲ್ಲಿ ಫೇಲಾದಾಗಲೂ ಪೋನೀ. ಅವಳು ಅದಕ್ಕಾಗಿ ಕಾದಳು. ಅದು ಬರಲಿಲ್ಲ. ಬರದಿದ್ದದ್ದೇ ಸರಿ ಎಂದು ಅವಳಿಗೆ ಕ್ರಮೇಣ ಅರ್ಥವಾಯಿತು, ಅಲ್ಲಿಂದ ಅಲುಗದೆ ನಿಂತಳು. ಬಾವಿ ಕಡೆಯಿಂದ ಯಾರೋ ಮೋಟಾರು ಹಾಕಿದರು. ಅಪ್ಪ ಬಗ್ಗಿ ಒಂದು ಸಸಿಯ ಬುಡದ ಮಣ್ಣನ್ನು ಒತ್ತಿದ, ಒತ್ತುವಾಗ ಕೈ ಸುಮ್ಮನಿತ್ತು, ಬಿಟ್ಟ ಮೇಲೆ ಶುರುವಾಯಿತು. ಈ ಸಲ ಅವನು ಅದನ್ನು ಎಲ್ಲಿಯೂ ಇಟ್ಟುಕೊಳ್ಳಲಿಲ್ಲ. ಅವಳ ಎದುರಿಗೇ ತೊಡೆಯ ಪಕ್ಕದಲ್ಲಿ ಜೋತು ಬಿಟ್ಟ.

‘ಮಣ್ಣಲ್ಲಿಟ್ರೆ ನಿಲ್ಲಲ್ಲಮ್ಮ ಅದು’ ಎಂದ. ‘ನಾನೂ ಇಟ್ಟು ನೋಡಿದೀನಿ.’

ಜಗಲಿಯಿಂದ ಅಮ್ಮ ಮೂಗು ಎಳೆದದ್ದು ಕೇಳಿಸಿತು.

‘ನಾಳೆ ಕೋಲಾರಕ್ಕೆ ಹೋಗೋಣ ಅಪ್ಪ. ಡಾಕ್ಟ್ರಿಗೆ ತೋರ್ಸೋಣ. ಮಾತ್ರೆ ಇದೆಯಂತೆ. ಬೇಡ ಅಂದ್ರೂ ನಾನು ಬಿಡಲ್ಲ.’

‘ಯಾಕೆ, ನನ್ನೂ ಕಳಚೋ ಮನೆಗೆ ಹಾಕ್ತೀರಾ?’ ಎಂದ ಅಪ್ಪ. ಅವಳ ಮುಖ ನೋಡಿ, ‘ಇದಕ್ಕೆ ನಗಬೋದು ನೀನು’ ಎಂದ. ಅವಳಿಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ಆ ಸಂಜೆ ಅಮ್ಮ ಎಣ್ಣೆ ಶೀಸೆಯನ್ನು ಹಿಡಿದುಕೊಂಡು ಎಲ್ಲಿ ತಿಕ್ಕುವುದು ಎಂದು ತಿಳಿಯದೆ ಒಂದಷ್ಟು ಹೊತ್ತು ಕೂತಿದ್ದಳು. ಆಮೇಲೆ ಅವನ ಬಲಗೈಯನ್ನೇ ತನ್ನ ಮಡಿಲಿಗೆ ಎಳೆದುಕೊಂಡಳು.

ಮರುದಿನ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ಹೊರಡುವಾಗ ಟವಲನ್ನು ಹೆಗಲ ಮೇಲೆ ಹಾಕಿಕೊಂಡಿದ್ದವನು ದಾರಿಯಲ್ಲಿ ನರ್ಸರಿಯ ಪರಿಚಯದವರು ಹತ್ತಿದಾಗ ಮತ್ತೆ ಕೈಮೇಲೆ ಎಳೆದುಕೊಂಡ, ಅವರು ಇಳಿದ ಮೇಲೂ ತೆಗೆಯಲಿಲ್ಲ. ಒಂದೇ ದಿನಕ್ಕೆ ಎಲ್ಲ ಸರಿಯಾಗಲಿ ಎಂದು ಅವಳೂ ಬಯಸಿರಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾಯುತ್ತ ಕೂತರು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಟವಲನ್ನು ನೋಡಿ, ಅಪ್ಪನ ಮುಖ ನೋಡಿ, ಮತ್ತೆ ಟವಲನ್ನು ನೋಡಿದಳು. ಅಪ್ಪ ಅವಳ ಕಡೆ ತಿರುಗಿ, ‘ಕೈ ನಡುಗುತ್ತಮ್ಮ. ಅದಕ್ಕೇ ಬಂದಿದೀವಿ’ ಎಂದ. ಹೆಂಗಸು ಹೌದೇ ಎಂದು ತನ್ನ ಸೊಂಟದ ನೋವಿನ ವಿಷಯ ತೆಗೆದಳು. ಮೊದಲ ಸಲ ಅವನು ಆ ಮಾತನ್ನು ಆಡಿದ್ದು ಗುರುತಿಲ್ಲದವಳೊಬ್ಬಳ ಹತ್ತಿರ ಎಂದು ಮೇಘನಳಿಗೆ ಚುರುಕ್ಕೆಂದಿತು. ಮರುಕ್ಷಣ, ಯಾರ ಹತ್ತಿರವಾದರೇನು, ಆಡಿದನಲ್ಲ ಎಂದುಕೊಂಡಳು.

ಅಪ್ಪನ ಹೆಸರು ಕರೆದಾಗ ಅವಳೂ ಎದ್ದಳು.

‘ನೀನು ಕೂತ್ಕೋ’ ಎಂದ ಅಪ್ಪ.

‘ಯಾವಾಗ ಶುರುವಾಯ್ತು, ಹೆಂಗೆ ಬರುತ್ತೆ, ಎಲ್ಲಾ ಕೇಳ್ತಾರೆ ಅಪ್ಪ. ನಾನು ಸರಿಯಾಗಿ—’

‘ನೀನು ನೋಡಿದ್ದು ಸಾಕು. ಕೈ ನಂದು. ನಾನೇ ಹೇಳ್ತೀನಿ.’

ಗದರಿ ಹೇಳಿದ ಮಾತಲ್ಲ. ಅವನು ಒಳಗೆ ಹೋದ, ಬಾಗಿಲು ಮುಚ್ಚಿತು. ಬಾಗಿಲಿನ ಮೇಲ್ಭಾಗದಲ್ಲಿ ಚೌಕದ ಗಾಜು ಇತ್ತು. ಎದ್ದು ನಿಂತರೆ ಕಾಣುತ್ತದೆ. ಒಳಗೆ ಕೈ ಚಾಚು ಎನ್ನುತ್ತಿರಬಹುದು, ಬೆರಳು ಮಡಚು ಬಿಚ್ಚು ಎನ್ನುತ್ತಿರಬಹುದು. ನೋಡಬೇಕೆಂಬ ಆಸೆ ಅವಳ ಕಣ್ಣಿನಲ್ಲಿ ಹಸಿವಿನ ಹಾಗೆ ಎದ್ದಿತು, ಅದು ಅಪ್ಪನ ಮೇಲಿನ ಕಾಳಜಿಯೋ ಚಿತ್ರದ ಆಸೆಯೋ ಅವಳಿಗೇ ಗೊತ್ತಾಗಲಿಲ್ಲ. ಗೊತ್ತಾಗದ ಕಾರಣಕ್ಕೇ ಅವಳು ಎದ್ದು, ಎದುರು ಸಾಲಿಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ಕೂತಳು. ಆಗಲೇ ಫೋನು ಬಂತು. ವೆಂಕಟ್.

‘ಸಾರಿ ಕಣೇ. ನಿಮ್ಮಪ್ಪ ಅಂತ ಗೊತ್ತಿರ್ಲಿಲ್ಲ’ ಎಂದ.

‘ಗೊತ್ತಿಲ್ದಂಗೆ ಮಾಡಿದ್ದು ನಾನೇ. ಬಿಡು. ಏನು?’

‘ಕೊನೇ ಭಾಗ ಬಂದಿದೆ. ತೋಟಗಾರನ್ನ ನಂಗೆ ಕೊಟ್ಟಿದಾರೆ. ಆ ಕೈ ನಂಗೆ ಬರ್ತಿಲ್ಲ.’ ದನಿ ತಗ್ಗಿಸಿ, ‘ಅವನೇ ಕಣೇ ಎಲ್ಲಾರ್ನೂ ಬಚ್ಚಿಟ್ಟಿದ್ದು’ ಎಂದ. ‘ಗಾಜಿನ ತೋಟದ ಕೆಳಗೆ, ಬೇರುಗಳ ಮಧ್ಯೆ. ಅಷ್ಟೂ ರೋಬೋಟುಗಳು ಅಲ್ಲೇ ಕತ್ತಲಲ್ಲಿ ನಿಂತ್ಕೊಂಡು ಗಿಡಕ್ಕೆ ನೀರು ಏರ್ಸ್ತಿರ್ತವೆ.’

ಅವಳು ಒಂದು ಗಳಿಗೆ ಅದನ್ನು ಕಣ್ಣಿನೆದುರು ಕಂಡಳು. ಚೆನ್ನಾಗಿದೆ ಅನ್ನಿಸಿತು. ಹೊಟ್ಟೆಕಿಚ್ಚೂ ಆಯಿತು. ‘ನಾನು ಮುಂಚೆ ಬಿಡ್ಸಿದ್ದೆಲ್ಲ ಅಲ್ಲೇ ಇದೆ, ಅದನ್ನ ನೋಡ್ಕೊ. ಬೇರೆ ಏನೂ ಕೊಡಕ್ಕಾಗಲ್ಲ’ ಎಂದಳು. ‘ಸಾರ್‌ಗೆ ಹೇಳು, ನಾಳೆ ಬರ್ತೀನಿ, ಏನ್ ಕೊಟ್ರೂ ಮಾಡ್ತೀನಿ, ಬೂಟಾದ್ರೂ ಸರಿ ಅಂತ.’

ಅಪ್ಪ ಹೊರಬಂದಾಗ ಅವನ ಎಡಗೈಯಲ್ಲಿ ಮಾತ್ರೆಯ ಚೀಟಿಯಿತ್ತು. ಬಂದು ಅವಳ ಪಕ್ಕದಲ್ಲಿ ಕೂತ. ಏನಂದರು ಎಂದು ಅವಳು ಕೇಳಲಿಲ್ಲ, ಕೇಳಬೇಕೆಂದು ಬಂದದ್ದನ್ನು ನುಂಗಿ ಕಾದಳು. ಅವನು ಟವಲಿನಿಂದ ಮುಖ ಒರೆಸಿಕೊಂಡ.

‘ಹೋಗೋ ಕಾಯಿಲೆ ಅಲ್ವಂತೆ’ ಎಂದ. ‘ಮಾತ್ರೆ ತಗೊಂಡ್ರೆ ಹಿಡಿತದಲ್ಲಿರುತ್ತಂತೆ. ಇನ್ನೂ ಏನೇನೋ ಪರೀಕ್ಷೆ ಐತೆ. ಕಸಿ ಕಟ್ಬೋದಾ ಅಂತ ಕೇಳ್ದೆ. ಮಾತ್ರೆ ಹತ್ತಿದ್ರೆ ಕಟ್ಟಿ ನೋಡಿ ಅಂದ್ರು. ಹೆಸರು ಬರೀರಿ ಅಂದ್ರು, ಬರ್ದೆ. ಅಕ್ಷರ ಬರ್ತಾ ಬರ್ತಾ ಇರುವೆ ಆಗೋಯ್ತು.’

‘ಯಾವಾಗ ಶುರುವಾಯ್ತು ಅಂತ ಹೇಳ್ದೆ?’

ಸಂಕ್ರಾಂತಿ ಎಂದು ಅವಳು ಅಂದುಕೊಂಡಿದ್ದಳು, ಸಂಕ್ರಾಂತಿಯಲ್ಲ, ಹೋದ ಮಳೆಗಾಲವೂ ಅಲ್ಲ. ‘ಅದಕ್ಕೂ ಹಿಂದಿನ ವರ್ಷ’ ಎಂದ ಅವನು. ‘ಒಂದು ದಿನ ಮಲ್ಲಿಕಾ ಕುಡಿ ಕೊಯ್ತಿದ್ದೆ. ಚಾಕು ಸರಿಯಾಗೇ ಹೋಯ್ತು. ಕಟ್ಟಿ, ಬೀಡಿ ಹಚ್ಚೋಣ ಅಂತ ಕೂತೆ. ಕೈ ನಂದಲ್ಲ ಅನ್ನೋ ಥರ ಆಯ್ತು. ಯಾರಾದ್ರೂ ನೋಡಿದ್ರಾ ಅಂತ ಸುತ್ತ ನೋಡ್ದೆ. ಯಾರೂ ಇರ್ಲಿಲ್ಲ. ಯಾರಾದ್ರೂ ಇದ್ದಿದ್ರೆ ಚೆನ್ನಾಗಿತ್ತು ಅಂತ ಈಗ ಅನ್ಸುತ್ತೆ.’ ಇಲ್ಲಿಗೆ ನಿಲ್ಲಿಸಿ ಅವನು ಮಾತ್ರೆಯ ಚೀಟಿಯನ್ನು ಜೇಬಿಗಿಟ್ಟುಕೊಂಡ. ಶ್ರೀನಿವಾಸಪುರದ ಬಸ್ಸಿಗೆ ಹೊತ್ತಾಗಿತ್ತು, ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಏಳಲಿಲ್ಲ. ಅವನ ಬಲಗೈ ಬೆಂಚಿನ ಮೇಲೆ, ಅವರಿಬ್ಬರ ನಡುವೆ, ತನ್ನಷ್ಟಕ್ಕೆ ತನ್ನ ಕೆಲಸ ಮಾಡುತ್ತಿತ್ತು. ಮೇಘನ ಅದನ್ನು ನೋಡಲಿಲ್ಲ. ಇಷ್ಟು ದಿನ ಕೈಯನ್ನೇ ನೋಡಿದವಳು ಅಪ್ಪನ ಮುಖ ನೋಡಿದಳು. ಎಡಹುಬ್ಬಿನಲ್ಲಿ ಒಂದೆರಡು ಬಿಳಿ ಕೂದಲಿದ್ದವು. ಹೇಳುವ ಮುಂಚೆ ಅವನು ಕೆಳದುಟಿಯನ್ನು ಒಳಗೆಳೆದುಕೊಳ್ಳುತ್ತಿದ್ದ.

‘ಆಮೇಲೆ?’ ಎಂದಳು.